ಲಾಭ ಇದೆ ಎನ್ನುತ್ತಾರೆ, ಮತ್ತೆ ನಮ್ಮನ್ನೇ ದುಡ್ಡು ಕೇಳುತ್ತಾರೆ. ಇದೇನು ಲೆಕ್ಕ?

ಹಾಸನದ ಟೀಚರ್
ಶನಿವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಷೇರಿನ ವಿಷಯದಲ್ಲಿ ಮಾತ್ರ ಇನ್ನೂ ಒಂದನೇ ಕ್ಲಾಸು.

ಎರಡು ವರ್ಷದ ಹಿಂದೆ ಒಂದು ಕಂಪನಿಯ 400 ಷೇರು ತೆಗೆದುಕೊಂಡೆ, ಒಂದಕ್ಕೆ 212 ರೂ. ಹೆಸರು ಬೇಡ ಬಿಡಿ. ವಾಹನದ ಬಿಡಿಭಾಗ ಮಾಡುವ ಮಧ್ಯಮ ಗಾತ್ರದ ಕಂಪನಿ. ಪಿಇ (ಷೇರಿನ ಬೆಲೆ ಅದರ ವರ್ಷದ ಲಾಭದ ಎಷ್ಟು ಪಟ್ಟು ಅನ್ನುವುದು) 14 ಇತ್ತು. ಅದೇ ಧಂದೆಯ ಬೇರೆ ಕಂಪನಿಗಳದ್ದು 25, 30 ಇತ್ತು. ಸೋವಿ ಅನ್ನಿಸಿತು, ತೆಗೆದುಕೊಂಡೆ.

ಈಗ ಬೆಲೆ 90 ರೂ. ಹಾಗಂತ ಕಂಪನಿಗೆ ನಷ್ಟ ಆಗಿಲ್ಲ. ಈ ವರ್ಷವೂ 48 ಕೋಟಿ ಲಾಭ ತೋರಿಸಿದ್ದಾರೆ. ಮೊನ್ನೆ ನೋಡಿದರೆ ರೈಟ್ಸ್ ಇಶ್ಯೂ ಅಂತ ಮೇಲ್ ಬಂದಿದೆ. ಇರುವ ಎರಡು ಷೇರಿಗೆ ಒಂದು ಹೊಸ ಷೇರು, 60 ರೂ.ಗೆ. ಅಂದರೆ ನಾನು ಇನ್ನೂ 12,000 ರೂ. ಹಾಕಬೇಕು.

ನಮ್ಮ ಯಜಮಾನರು, "ಲಾಭದಲ್ಲಿರುವ ಅಂಗಡಿಯವನು ಗಿರಾಕಿಗಳ ಹತ್ತಿರ ಚಂದಾ ಎತ್ತುತ್ತಾನಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು "ಡೆಟ್ ಈಕ್ವಿಟಿ ನೋಡಬೇಕಿತ್ತು ಮೇಡಂ" ಎಂದರು. ಸಾಲ ಸ್ವಂತ ಬಂಡವಾಳದ ಎಷ್ಟು ಪಟ್ಟು ಅನ್ನುವ ಲೆಕ್ಕವಂತೆ. ಈಗ ನೋಡಿದೆ, 2 ಅಂತ ಇದೆ. 2 ಅಂದರೆ ಒಳ್ಳೆಯದಾ, ಕೆಟ್ಟದಾ?

ಬೆಂಚಿನ ಮೇಲಿನವ
ಶನಿವಾರ, ರಾತ್ರಿ 9:34

ಕೆಟ್ಟದ್ದು. ಸಾಲ ಇರುವ ಕಂಪನಿಯ ತಂಟೆಗೇ ಹೋಗಬೇಡಿ ಮೇಡಂ. ಇನ್ಫೋಸಿಸ್ ನೋಡಿ, ಬ್ಯಾಂಕ್ ಸಾಲ ಇಲ್ಲ, ರಾತ್ರಿ ನಿದ್ದೆ ಬರುತ್ತದೆ. ನಾನು ಒಂದೇ ಫಿಲ್ಟರ್ ಇಟ್ಟುಕೊಂಡಿದ್ದೇನೆ. ಸಾಲ ಸೊನ್ನೆ ಇದ್ದರೆ ನೋಡುತ್ತೇನೆ, ಇಲ್ಲದಿದ್ದರೆ ಮುಂದಕ್ಕೆ.

ಆಡಿಟ್ ಸೀಸನ್
ಶನಿವಾರ, ರಾತ್ರಿ 10:15

ಬೆಂಚಿನವರ ಫಿಲ್ಟರ್ ನಿದ್ದೆಗೆ ಒಳ್ಳೆಯದೇ. ಆದರೆ ಟೀಚರ್ ಕೇಳಿದ ಪ್ರಶ್ನೆಗೆ ಅದು ಉತ್ತರ ಅಲ್ಲ. ಗಣಿತದವರು ಅಂದಿರಿ, ಹಾಗಾಗಿ ಲೆಕ್ಕದಲ್ಲೇ ಹೇಳುತ್ತೇನೆ.

ಅಣ್ಣ ತಮ್ಮ ಇಬ್ಬರೂ ಒಂದೊಂದು ದರ್ಶಿನಿ ತೆರೆದರು ಅಂದುಕೊಳ್ಳಿ. ಇಬ್ಬರದ್ದೂ ಖರ್ಚು 1 ಕೋಟಿ. ಅಣ್ಣ ಪೂರ್ತಿ ಕೈದುಡ್ಡು ಹಾಕಿದ. ತಮ್ಮ 40 ಲಕ್ಷ ಹಾಕಿ 60 ಲಕ್ಷ ಸಾಲ ತಂದ. ಬಡ್ಡಿ 12%, ವರ್ಷಕ್ಕೆ 7.2 ಲಕ್ಷ. ಇಬ್ಬರದ್ದೂ ಪ್ರೈವೇಟ್ ಲಿಮಿಟೆಡ್. ತೆರಿಗೆ 25% ಅಂತ ಇಟ್ಟುಕೊಳ್ಳೋಣ (22ಕ್ಕೆ ಸರ್‌ಚಾರ್ಜ್, ಸೆಸ್ ಸೇರಿ 25.17 ಆಗುತ್ತದೆ, ಅಷ್ಟು ಜಿಪುಣತನ ಬೇಡ).

ಒಳ್ಳೆಯ ವರ್ಷ. ಬಡ್ಡಿ, ತೆರಿಗೆಗೆ ಮುಂಚೆ ಇಬ್ಬರಿಗೂ 20 ಲಕ್ಷ ಉಳಿಯಿತು. ಅಣ್ಣನಿಗೆ ತೆರಿಗೆ ಕಳೆದು 15 ಲಕ್ಷ, ಹಾಕಿದ ದುಡ್ಡಿಗೆ 15%. ತಮ್ಮನಿಗೆ ಬಡ್ಡಿ ಕಳೆದು 12.8, ತೆರಿಗೆ ಕಳೆದು 9.6 ಲಕ್ಷ. ಆದರೆ ಅವನು ಹಾಕಿದ್ದು 40 ಲಕ್ಷ ತಾನೇ? 24% ಆಯಿತು. ಊರಲ್ಲಿ ತಮ್ಮನೇ ಜಾಣ.

ಸಾಧಾರಣ ವರ್ಷ, 12 ಲಕ್ಷ. ಅಣ್ಣನಿಗೆ 9%. ತಮ್ಮನಿಗೆ 4.8 ಉಳಿದು, ತೆರಿಗೆ ಕಳೆದು 3.6 ಲಕ್ಷ. ಅದೂ 9%. ಒಟ್ಟು ಬಂಡವಾಳದ ಮೇಲಿನ ಗಳಿಕೆ 12%, ಸಾಲದ ಬಡ್ಡಿಯೂ 12%. ಅಲ್ಲಿಗೆ ಸಾಲ ತಂದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಕೆಟ್ಟ ವರ್ಷ, 6 ಲಕ್ಷ. ಅಣ್ಣನಿಗೆ ಆಗಲೂ 4.5% ಸಿಗುತ್ತದೆ. ತಮ್ಮನಿಗೆ 1.2 ಲಕ್ಷ ನಷ್ಟ.

ಎರಡೂ ಕಡೆ ಅದೇ ಇಡ್ಲಿ, ಅದೇ ಗಿರಾಕಿ, ಅದೇ ವ್ಯಾಪಾರ. ತಮ್ಮನ ಏರಿಳಿತ ಮಾತ್ರ ಜಾಸ್ತಿ. ಮೇಡಂ, ನಿಮ್ಮ ಕಂಪನಿಯ ಹಳೆಯ ವರ್ಷದ್ದೂ ಈ ವರ್ಷದ್ದೂ ಎರಡೆರಡು ಅಂಕಿ ಹೇಳಿ. ಬಡ್ಡಿಗೆ ಮುಂಚಿನ ಲಾಭ, ಮತ್ತು ಫೈನಾನ್ಸ್ ಕಾಸ್ಟ್ ಅಂತ ಇರುತ್ತದಲ್ಲ, ಅದು.

ಹಾಸನದ ಟೀಚರ್
ಶನಿವಾರ, ರಾತ್ರಿ 11:02

ಹುಡುಕಿದೆ ಸರ್. ನಾನು ಕೊಂಡ ವರ್ಷ ಬಡ್ಡಿಗೆ ಮುಂಚೆ 320 ಕೋಟಿ, ಬಡ್ಡಿ 118. ಈ ವರ್ಷ 194, ಬಡ್ಡಿ 130. ಕೊನೆಯ ಲಾಭ ಆಗ 151, ಈಗ 48.

ಅಯ್ಯೋ, ಈಗ ಗೊತ್ತಾಯಿತು. ವ್ಯವಹಾರ ಬಿದ್ದಿದ್ದು 39%. ನನ್ನ ಲಾಭ ಬಿದ್ದಿದ್ದು 68%.

ಆಡಿಟ್ ಸೀಸನ್
ಶನಿವಾರ, ರಾತ್ರಿ 11:10

ಅದೇ. ನೀವು ಪಿಇ 14 ನೋಡಿದ್ದು ತಮ್ಮನ ಒಳ್ಳೆಯ ವರ್ಷದಲ್ಲಿ.

ನಿವೃತ್ತ ಮ್ಯಾನೇಜರ್
ಭಾನುವಾರ, ಬೆಳಿಗ್ಗೆ 6:45

34 ವರ್ಷ ಬ್ಯಾಂಕಿನಲ್ಲಿದ್ದೆ. ಅದರಲ್ಲಿ ಹೆಚ್ಚು ಕಾಲ ಸಾಲದ ಕೌಂಟರಿನ ಆ ಕಡೆ. ನಮ್ಮ ಬ್ಯಾಂಕಿನ ಹೆಸರೂ ಈಗ ಬೋರ್ಡಿನ ಮೇಲಿಲ್ಲ, ವಿಲೀನ ಆಗಿಹೋಯಿತು.

ಆಡಿಟರ್ ಸಾಹೇಬರ ಲೆಕ್ಕ ಸರಿಯಾಗಿದೆ. ಆದರೆ ಅದರಲ್ಲಿ ಬಡ್ಡಿ ಮಾತ್ರ ಬಂತು. ನಾನು ಕಂಡಂತೆ ಬಡ್ಡಿಯಿಂದ ಮುಳುಗಿದವರು ಕಡಿಮೆ. ಮುಳುಗಿಸುವುದು ಅಸಲು.

ಅದೇ ತಮ್ಮನನ್ನು ಕರೆಯಿರಿ. 60 ಲಕ್ಷ ಸಾಲ, ಅವಧಿ 5 ವರ್ಷ. ಬಡ್ಡಿಯ ಜೊತೆ ವರ್ಷಕ್ಕೆ 12 ಲಕ್ಷ ಅಸಲೂ ಕಟ್ಟಬೇಕು. ಮೊದಲ ವರ್ಷ ಒಟ್ಟು 19.2 ಲಕ್ಷ. ಸಾಧಾರಣ ವರ್ಷದಲ್ಲಿ ಅವನ ಕೈಗೆ ಬರುವುದೆಷ್ಟು? 12 ಲಕ್ಷ. ಗ್ರೈಂಡರ್, ಸ್ಟೀಮರ್‌ಗಳ ಸವಕಳಿ ಅಂತ 4 ಲಕ್ಷ ಬರೆದಿದ್ದಾನೆ, ಅದು ಪುಸ್ತಕದ ಖರ್ಚು, ದುಡ್ಡು ಗಲ್ಲದಲ್ಲೇ ಇದೆ. ಸೇರಿಸಿದರೆ 16. ತೆರಿಗೆ 1.2 ಹೋಗಿ 14.8. ಕಟ್ಟಬೇಕಾದ್ದು 19.2. ಪುಸ್ತಕದಲ್ಲಿ 3.6 ಲಕ್ಷ ಲಾಭ, ಕೈಯಲ್ಲಿ 4.4 ಲಕ್ಷ ಕೊರತೆ. ಮೂರನೇ ಕಂತಿಗೆ ಸುಸ್ತಿ.

ಈಗ ಅವಧಿಯನ್ನು 10 ವರ್ಷ ಮಾಡಿ. ಅಸಲು 6 ಲಕ್ಷ, ಬಡ್ಡಿ 7.2, ಒಟ್ಟು 13.2. ಕೈಯಲ್ಲಿ 14.8 ಇದೆ. ಆರಾಮಾಗಿ ದಾಟುತ್ತಾನೆ.

ಸಾಲ ಅದೇ 60 ಲಕ್ಷ. ಡೆಟ್ ಈಕ್ವಿಟಿ ಎರಡರಲ್ಲೂ 1.5. ಒಬ್ಬನಿಗೆ ನೋಟಿಸ್, ಇನ್ನೊಬ್ಬನಿಗೆ ಎರಡನೇ ಬ್ರಾಂಚಿಗೆ ಸಾಲ ಕೊಡಲು ನಾವೇ ಹಿಂದೆ ಬೀಳುತ್ತೇವೆ.

ಟೀಚರಮ್ಮ, ವಾರ್ಷಿಕ ವರದಿಯಲ್ಲಿ ಸಾಲಗಳ ನೋಟ್ ತೆಗೆಯಿರಿ. ಮುಂದಿನ ಒಂದು ವರ್ಷದೊಳಗೆ ಕಟ್ಟಬೇಕಾದ ಕಂತು ಎಷ್ಟು ಅಂತ ಬೇರೆ ಸಾಲಿನಲ್ಲಿರುತ್ತದೆ. ಈಗೀಗ ಅದನ್ನು ಅಲ್ಪಾವಧಿ ಸಾಲದ ಕೆಳಗೆ ತೋರಿಸುತ್ತಾರೆ. ಅದರ ಪಕ್ಕದಲ್ಲಿ ಕೈಯಲ್ಲಿರುವ ನಗದು ಬರೆದುಕೊಳ್ಳಿ. ನಾನಾಗಿದ್ದರೆ ಮೊದಲು ಅದನ್ನು ನೋಡಿ ಆಮೇಲೆ ಪಿಇ ನೋಡುತ್ತಿದ್ದೆ.

ಬೆಂಚಿನ ಮೇಲಿನವ
ಭಾನುವಾರ, ಬೆಳಿಗ್ಗೆ 9:50

ಸರ್, ನೀವೇ ನನ್ನ ವಾದ ಗಟ್ಟಿ ಮಾಡಿದಿರಿ. ಸಾಲವೇ ಇಲ್ಲದಿದ್ದರೆ ಅಸಲೂ ಇಲ್ಲ, ಕಂತೂ ಇಲ್ಲ!

ಆಡಿಟ್ ಸೀಸನ್
ಭಾನುವಾರ, ಬೆಳಿಗ್ಗೆ 10:30

ಇನ್ಫೋಸಿಸ್‌ಗೆ ಬೇಕಾದ್ದು ಜನ, ಕಂಪ್ಯೂಟರ್, ಕಟ್ಟಡ. ಗಿರಾಕಿ ತಿಂಗಳು ತಿಂಗಳು ದುಡ್ಡು ಕೊಡುತ್ತಾನೆ. ಅವರ ಕಷ್ಟವೇ ಬೇರೆ, ದುಡ್ಡು ಜಾಸ್ತಿ ಆಗಿ 2017ರಲ್ಲಿ 13,000 ಕೋಟಿಗೆ ತಮ್ಮದೇ ಷೇರು ವಾಪಸ್ ಕೊಂಡರು. (ಅಂದ ಹಾಗೆ ಅವರ ಪುಸ್ತಕದಲ್ಲೂ ಬಾಡಿಗೆ ಕರಾರಿನ ಬಾಕಿ ಇದೆ. 2019ರ ಏಪ್ರಿಲ್‌ನಿಂದ ಉದ್ದದ ಲೀಸ್ ಎಲ್ಲವನ್ನೂ ಸಾಲದ ಹಾಗೆ ತೋರಿಸಬೇಕು. ನಿಮ್ಮ ಫಿಲ್ಟರ್ ಅದನ್ನೂ ಹಿಡಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ!)

ಇನ್ನೊಂದು ತುದಿಗೆ ಪವರ್ ಗ್ರಿಡ್ ಇಡಿ. ಕರೆಂಟ್ ಸಾಗಿಸುವ ಲೈನಿಗೆ ಬಾಡಿಗೆ ಎಷ್ಟು ಅಂತ ವಿದ್ಯುತ್ ನಿಯಂತ್ರಣ ಆಯೋಗವೇ ಗೊತ್ತು ಮಾಡುತ್ತದೆ. ಆ ದರ ಲೆಕ್ಕ ಹಾಕುವಾಗಲೇ 70 ಪಾಲು ಸಾಲ, 30 ಪಾಲು ಸ್ವಂತದ್ದು ಅಂತ ಹಿಡಿಯುತ್ತಾರೆ. ಅಂದರೆ ಡೆಟ್ ಈಕ್ವಿಟಿ 2ಕ್ಕಿಂತ ಜಾಸ್ತಿ. ಯಾರಿಗೂ ಎದೆ ಹೊಡೆದುಕೊಳ್ಳುವುದಿಲ್ಲ, ಯಾಕೆಂದರೆ ಬರುವ ದುಡ್ಡು ಗೊತ್ತಿರುವ ದುಡ್ಡು.

ಅದೇ 2 ಬಿಡಿಭಾಗದ ಕಂಪನಿಗೆ ಬಂದರೆ ಬೇರೆ ಮಾತು. ಗಾಡಿ ಮಾರಾಟ ಒಂದು ವರ್ಷ ಮಲಗಿದರೆ ಇವರೂ ಮಲಗಬೇಕು, ಆದರೆ ಕಂತು ಎದ್ದೇ ಕೂತಿರುತ್ತದೆ. 194ಕ್ಕೆ 130 ಬಡ್ಡಿ ಅಂದರೆ ಒಂದೂವರೆ ಪಟ್ಟು ಮಾತ್ರ ರಕ್ಷಣೆ. ನನಗೆ ಮೂರರ ಕೆಳಗೆ ಇಳಿದರೆ ಕಸಿವಿಸಿ ಶುರುವಾಗುತ್ತದೆ. ಇದು ನನ್ನ ರೂಢಿ, ಶಾಸ್ತ್ರ ಏನಲ್ಲ.

1958ರಲ್ಲಿ ಮೋದಿಲ್ಯಾನಿ, ಮಿಲ್ಲರ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು, ತೆರಿಗೆ ಇಲ್ಲ, ದಿವಾಳಿಯ ಖರ್ಚು ಇಲ್ಲ ಅಂದುಕೊಂಡರೆ ಸಾಲ ಎಷ್ಟು, ಸ್ವಂತದ್ದು ಎಷ್ಟು ಎನ್ನುವುದರಿಂದ ಕಂಪನಿಯ ಬೆಲೆ ಬದಲಾಗುವುದಿಲ್ಲ ಎಂದು ತೋರಿಸಿದರು. ಪರೀಕ್ಷೆಗೆ ಓದುವಾಗ ಇದೇನು ಉಪಯೋಗಕ್ಕೆ ಬಾರದ್ದು ಅನ್ನಿಸಿತ್ತು. ಈಗ ನೋಡಿದರೆ, ಅವರು "ಇಲ್ಲ" ಅಂದುಕೊಂಡಿದ್ದೇ ನಾವು ದಿನಾ ನೋಡುವ ಪಾಡು.

ಕಾಫಿ ಪಲ್ಪರ್
ಭಾನುವಾರ, ಮಧ್ಯಾಹ್ನ 1:15

ಚಿಕ್ಕಮಗಳೂರಿನಿಂದ. ಈ ಮಾತು ಬಂದಾಗ ನಮ್ಮ ಕಡೆಯವರಿಗೆ ಒಂದೇ ಹೆಸರು ನೆನಪಾಗುವುದು. ಅವರನ್ನು ಬೈಯಲು ಬರೆಯುತ್ತಿಲ್ಲ. ಊರಿಗೆ ಕೆಲಸ ಕೊಟ್ಟವರು.

ಕಾಫಿ ಡೇ ಎಂಟರ್‌ಪ್ರೈಸಸ್ 2015ರಲ್ಲಿ ಷೇರಿಗೆ 328 ರೂ.ನಂತೆ 1,150 ಕೋಟಿ ಎತ್ತಿತು. ಅದರಲ್ಲಿ ದೊಡ್ಡ ಪಾಲು ಸಾಲ ತೀರಿಸಲಿಕ್ಕೆ ಅಂತಲೇ ಹೇಳಿದ್ದರು. ಜನ ಕಂಡಿದ್ದು ಬ್ರಿಗೇಡ್ ರೋಡಿನಲ್ಲಿ ಶುರುವಾದ ಕೆಫೆ. ಒಳಗೆ ಇದ್ದದ್ದು ಕೆಫೆ, ಟೆಕ್ ಪಾರ್ಕ್, ಸಾಗಣೆ ಕಂಪನಿ, ಹೋಟೆಲ್, ಮೈಂಡ್‌ಟ್ರೀ ಷೇರು, ಎಲ್ಲಾ. ಇವೆಲ್ಲ ಆಸ್ತಿಯೇ, ಸುಳ್ಳಲ್ಲ. ಆದರೆ ಟೆಕ್ ಪಾರ್ಕಿನ ಕಟ್ಟಡ ದುಡ್ಡು ಕೊಡುವುದು ನಿಧಾನಕ್ಕೆ. ಸಾಲದವರು ಕೇಳುವುದು ಹೇಳಿದ ತಾರೀಖಿಗೆ.

2019ರ ಮಾರ್ಚ್ ಕೊನೆಗೆ ಗುಂಪಿನ ಸಾಲ 7,214 ಕೋಟಿ. ಅದೇ ಜುಲೈನಲ್ಲಿ ಕಾಫಿ ಡೇ ಕಟ್ಟಿದ ಸಿದ್ಧಾರ್ಥ ಅವರು ತೀರಿಕೊಂಡರು. ಮೈಂಡ್‌ಟ್ರೀ ಪಾಲು ಸುಮಾರು 3,269 ಕೋಟಿಗೆ ಎಲ್ ಅಂಡ್ ಟಿಗೆ ಹೋಗಿತ್ತು, ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ 2,700 ಕೋಟಿಗೆ ಹೋಯಿತು. 2021ರ ಮಾರ್ಚ್ ಹೊತ್ತಿಗೆ ಸಾಲ 2,000 ಕೋಟಿಗಿಂತ ಕೆಳಗೆ ಬಂತು. ಮಾರಿ ತೀರಿಸುವಷ್ಟು ಆಸ್ತಿ ಇತ್ತು ಅಂತ ಆಯಿತಲ್ಲ. ಕಾಯುವ ಟೈಮ್ ಇರಲಿಲ್ಲ, ಅಷ್ಟೇ. ನಮ್ಮಲ್ಲೂ ಹಾಗೇ. ತೋಟಕ್ಕೆ ಎರಡು ಕೋಟಿ ಬೆಲೆ ಇರಬಹುದು, ಡಿಸೆಂಬರ್ ಕೊಯ್ಲಿಗೆ ಆಳಿನ ಬಟವಾಡೆಗೆ ಎರಡು ಲಕ್ಷ ಇರುವುದಿಲ್ಲ.

ಇನ್ನೊಂದು ವಿಷಯ. ಪ್ರಮೋಟರ್ (ಕಂಪನಿ ಕಟ್ಟಿ ನಡೆಸುವ ಮುಖ್ಯ ಮಾಲೀಕರು) ತಮ್ಮ ಷೇರನ್ನೇ ಅಡ ಇಟ್ಟು ತಂದ ಸಾಲ ಕಂಪನಿಯ ಡೆಟ್ ಈಕ್ವಿಟಿಯಲ್ಲಿ ಕಾಣುವುದೇ ಇಲ್ಲ. 2020ರ ಜುಲೈನಲ್ಲಿ ತನಿಖಾ ವರದಿ ಬಂದಾಗ ಗೊತ್ತಾಗಿದ್ದು, ಪ್ರಮೋಟರ್ ಕುಟುಂಬದ ಖಾಸಗಿ ಕಂಪನಿಯಿಂದ ಗುಂಪಿಗೆ 3,535 ಕೋಟಿ ಬರಬೇಕಿತ್ತು ಅಂತ. ಷೇರು ಅಡ ಎಷ್ಟಿದೆ ಅನ್ನುವುದು ಪ್ರತಿ ಮೂರು ತಿಂಗಳಿಗೆ ಎಕ್ಸ್‌ಚೇಂಜ್ ವೆಬ್‌ಸೈಟಿನಲ್ಲಿ ಬರುತ್ತದೆ, ನೋಡುವವರು ಕಡಿಮೆ.

ಮುಧೋಳದ ಕಬ್ಬು
ಭಾನುವಾರ, ಮಧ್ಯಾಹ್ನ 3:40

ನಮಸ್ಕಾರ ರೀ ಎಲ್ಲರಿಗೂ. ನಂದೊಂದು ಪ್ರಶ್ನೆ ಐತಿ. ಕಂಪನಿ ಸಾಲ ಅಂದ್ರ ಬ್ಯಾಂಕಿನ ಸಾಲ ಅಷ್ಟೇ ಏನ್ರಿ?

ನಾನು ಒಂದು ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುತ್ತೇನೆ, ಹೆಸರು ಹೇಳುವುದಿಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಕೊಡಬೇಕು, ತಡವಾದರೆ 15% ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಬರೆದದ. ಹೋದ ಸಲ ನನ್ನ ಬಿಲ್ಲು ಬಂದಿದ್ದು ಐದು ತಿಂಗಳಿಗೆ, ಬಡ್ಡಿ ಮಾತು ಎತ್ತಿದರೆ ಫೀಲ್ಡ್‌ಮ್ಯಾನ್ ನಕ್ಕ. ನನ್ನ 3 ಲಕ್ಷ ಐದು ತಿಂಗಳು ಅವರ ಕಡೆ ಇತ್ತು. ಅದು ಸಾಲ ಅಲ್ಲೇನ್ರಿ? ಅವರ ಪುಸ್ತಕದಾಗ ಅದು ಎಲ್ಲಿ ಇರತದ?

ನಿವೃತ್ತ ಮ್ಯಾನೇಜರ್
ಭಾನುವಾರ, ಸಂಜೆ 5:05

ಸಾಲವೇ ಅಣ್ಣಾ. ಆದರೆ ಪುಸ್ತಕದಲ್ಲಿ ಅದು "ಟ್ರೇಡ್ ಪೇಯಬಲ್" ಅಂತ ಬೇರೆ ಕಡೆ ಕೂತಿರುತ್ತದೆ. ಡೆಟ್ ಈಕ್ವಿಟಿ ಲೆಕ್ಕಕ್ಕೆ ಅದು ಬರುವುದಿಲ್ಲ. ಹಾಗಾಗಿ ರೈತರ ಬಾಕಿ ಉಳಿಸಿಕೊಂಡು ಬ್ಯಾಂಕಿಗೆ ಕಟ್ಟಿದ ಕಾರ್ಖಾನೆಯ ಸಾಲ ಕಡಿಮೆ ಆದಂತೆ ಕಾಣುತ್ತದೆ. ನನ್ನ ಹತ್ತಿರ ಬರುತ್ತಿದ್ದ ಫೈಲುಗಳಲ್ಲಿ ನಾನು ಮೊದಲು ತಿರುಗಿಸುತ್ತಿದ್ದದ್ದೇ ಆ ಪುಟ.

ಸಕ್ಕರೆಯ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಎಲ್ಲರೂ ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ನೋಡುತ್ತಾರೆ. ಆದರೆ ಕಬ್ಬು ನುರಿಸುವುದು ಚಳಿಗಾಲದಲ್ಲಿ. ಮಾರ್ಚ್ ಹೊತ್ತಿಗೆ ಗೋದಾಮು ಛಾವಣಿವರೆಗೆ ಮೂಟೆ. ಆ ಮೂಟೆ ಒತ್ತೆ ಇಟ್ಟೇ ಸಿಸಿ ಲಿಮಿಟ್ (ಬೇಕಾದಾಗ ತೆಗೆದು, ಬಂದಾಗ ತುಂಬುವ ಬ್ಯಾಂಕ್ ಸಾಲ) ತೆಗೆದಿರುತ್ತಾರೆ. ಹಾಗಾಗಿ ಮಾರ್ಚ್ 31ಕ್ಕೆ ಸಾಲ ಉಬ್ಬಿರುತ್ತದೆ. ಸಕ್ಕರೆ ಮಾರಿದಂತೆ ಸೆಪ್ಟೆಂಬರ್‌ಗೆ ಇಳಿಯುತ್ತದೆ. ಅದೇ ಕಂಪನಿ ಮಾರ್ಚ್‌ನಲ್ಲಿ ನೋಡಿದವರಿಗೆ ಒಂದು ಥರ, ಸೆಪ್ಟೆಂಬರ್‌ನಲ್ಲಿ ನೋಡಿದವರಿಗೆ ಇನ್ನೊಂದು ಥರ. ಎರಡೂ ನೋಡಬೇಕು. ಬೇರೆ ಕೆಲವು ಧಂದೆಗಳಲ್ಲಿ ಉಲ್ಟಾ. ಮಾರ್ಚ್ ಕೊನೆಯ ವಾರ ಬಾಕಿ ವಸೂಲಿ ಮಾಡಿ ಲಿಮಿಟ್ ತುಂಬುತ್ತಾರೆ, ಏಪ್ರಿಲ್ 5ಕ್ಕೆ ಮತ್ತೆ ತೆಗೆಯುತ್ತಾರೆ. ಕೌಂಟರಿನ ಈ ಕಡೆ ಕೂತು ನೋಡಿದ್ದೇನಲ್ಲ.

ಬೆಂಚಿನ ಮೇಲಿನವ
ಭಾನುವಾರ, ಸಂಜೆ 6:20

ಒಂದು ದಡ್ಡ ಪ್ರಶ್ನೆ. ಕಂಪನಿ ಮುಳುಗಿದರೆ ಷೇರಿನವರಿಗೆ ಏನಾದರೂ ಸಿಗುತ್ತದಾ? ನಾವೂ ಮಾಲೀಕರು ತಾನೇ?

ಆಡಿಟ್ ಸೀಸನ್
ಭಾನುವಾರ, ಸಂಜೆ 6:55

ಮಾಲೀಕರು ಅಂತಲೇ ಸಿಗುವುದಿಲ್ಲ. ಮದುವೆ ಮನೆಯಲ್ಲಿ ನೆಂಟರೆಲ್ಲ ಉಂಡ ಮೇಲೆ ತಾನೇ ಮನೆಯವರಿಗೆ ಎಲೆ?

2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್‌ನಲ್ಲಿ ಪಂಕ್ತಿ ಹೇಳಿದೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರು ಮತ್ತು ಕಾರ್ಮಿಕರ 24 ತಿಂಗಳ ಬಾಕಿ, ಇಬ್ಬರೂ ಒಂದೇ ಸಾಲಿನಲ್ಲಿ. ಆಮೇಲೆ ಉಳಿದ ನೌಕರರು, ಅಡಮಾನ ಇಲ್ಲದ ಸಾಲ, ಸರ್ಕಾರದ ಬಾಕಿ, ಹೀಗೆ ಇಳಿದು ಇಳಿದು, ಪ್ರಿಫರೆನ್ಸ್ ಷೇರಿನವರೂ ಆದ ಮೇಲೆ ಕಟ್ಟಕಡೆಗೆ ನಾವು. ಅಷ್ಟು ಹೊತ್ತಿಗೆ ಪಾತ್ರೆ ತೊಳೆದಿರುತ್ತಾರೆ. ಮುಧೋಳದವರ ಕಬ್ಬಿನ ಬಾಕಿಯೂ ಬ್ಯಾಂಕಿನ ಹಿಂದೆಯೇ ನಿಲ್ಲುತ್ತದೆ.

ಡಿಎಚ್‌ಎಫ್‌ಎಲ್ (ಗೃಹಸಾಲ ಕೊಡುತ್ತಿದ್ದ ಕಂಪನಿ) 2021ರಲ್ಲಿ ಪಿರಾಮಲ್ ಕೈಗೆ ಹೋಯಿತು, 34,250 ಕೋಟಿಯ ಯೋಜನೆ. ಅಷ್ಟು ದೊಡ್ಡ ಮೊತ್ತ ಕೇಳಿ ಕೆಲವರು ಕೊನೆವರೆಗೂ ಷೇರು ಕೊಳ್ಳುತ್ತಿದ್ದರು. ಹಳೆಯ ಷೇರಿನವರಿಗೆ ಸಿಕ್ಕಿದ್ದು ಸೊನ್ನೆ. ಷೇರು ರದ್ದು.

ನಿವೃತ್ತ ಮ್ಯಾನೇಜರ್
ಭಾನುವಾರ, ರಾತ್ರಿ 8:10

ನೆಂಟರಿಗೂ ಯಾವಾಗಲೂ ಊಟ ಸಿಗುತ್ತದೆ ಅಂತ ತಿಳಿಯಬೇಡಿ. ನಮ್ಮ ಬೆಂಗಳೂರಿನದೇ ಕಿಂಗ್‌ಫಿಷರ್ ಏರ್‌ಲೈನ್ಸ್ ಇದೆಯಲ್ಲ. 2005ರಲ್ಲಿ ಹಾರಲು ಶುರು, 2012ರ ಅಕ್ಟೋಬರ್‌ಗೆ ನಿಂತಿತು. ಸ್ಟೇಟ್ ಬ್ಯಾಂಕ್ ಮುಂದಾಳತ್ವದಲ್ಲಿ 17 ಬ್ಯಾಂಕುಗಳು.

2011ರಲ್ಲಿ ಬ್ಯಾಂಕುಗಳು ನೂರಾರು ಕೋಟಿ ಸಾಲವನ್ನು ಷೇರಾಗಿ ಬದಲಿಸಿಕೊಂಡವು. ಯಾವ ಬೆಲೆಗೆ ಗೊತ್ತಾ? 64.48 ರೂ. ಮಾರುಕಟ್ಟೆಗಿಂತ 61.6% ಜಾಸ್ತಿ! ಸಂತೆಯಲ್ಲಿ 40 ರೂ.ಗೆ ಸಿಗುವುದನ್ನು 64 ಕೊಟ್ಟು ತಂದಂತೆ. ಅವತ್ತು ಪುಸ್ತಕದಲ್ಲಿ ಕಂಪನಿಯ ಸಾಲ ಕಡಿಮೆ ಆಯಿತು, ಅನುಪಾತ ಸುಧಾರಿಸಿತು. ವಿಮಾನಕ್ಕೆ ಇಂಧನ ಹಾಕಿಸಲು ಹೊಸದಾಗಿ ಒಂದು ಪೈಸೆ ಬರಲಿಲ್ಲ. ಒಂದೂವರೆ ವರ್ಷದಲ್ಲಿ ಹಾರಾಟ ನಿಂತಿತು. ಪಂಕ್ತಿಯ ಮುಂದೆ ಕೂತಿದ್ದವರು ತಾವಾಗಿಯೇ ಎದ್ದು ಕೊನೆಗೆ ಹೋಗಿ ಕೂತರು.

ಅಡಮಾನ ಏನಿತ್ತು? ಕಿಂಗ್‌ಫಿಷರ್ ಎನ್ನುವ ಬ್ರ್ಯಾಂಡು. ಸಾಲ ಕೊಡುವಾಗ ಅದಕ್ಕೆ ಸಾವಿರಾರು ಕೋಟಿ ಬೆಲೆ ಕಟ್ಟಿದ್ದರು. 2016ರ ಏಪ್ರಿಲ್‌ನಲ್ಲಿ 366.70 ಕೋಟಿಗೆ ಹರಾಜಿಗೆ ಇಟ್ಟರೆ ಒಬ್ಬರೂ ಕೂಗಲಿಲ್ಲ. ಹಾರದ ವಿಮಾನದ ಹೆಸರು ಯಾರಿಗೆ ಬೇಕು? ಕೊನೆಗೆ ದೊಡ್ಡ ಮೊತ್ತ ವಸೂಲಾದದ್ದು 2021ರಲ್ಲಿ, ಯುನೈಟೆಡ್ ಬ್ರೂವರೀಸ್ ಷೇರು ಮಾರಿ, 5,800 ಕೋಟಿಯಷ್ಟು. ಬಿಯರ್ ಕಂಪನಿಯ ಷೇರು, ನೋಡಿ. ಏರ್‌ಲೈನ್ಸ್ ಷೇರು ಇಟ್ಟುಕೊಂಡಿದ್ದವರಿಗೆ ಅದರಲ್ಲಿ ಏನೂ ಇಲ್ಲ.

ಪಡುಬಿದ್ರಿ ಗಾಳಿ
ಭಾನುವಾರ, ರಾತ್ರಿ 9:30

ಓದುತ್ತಾ ಕೂತಿದ್ದೆ, ಈಗ ಬಾಯಿ ಬಿಡುತ್ತೇನೆ. ಟೀಚರ್ ಪ್ರಶ್ನೆ ರೈಟ್ಸ್ ಬಗ್ಗೆ. ಅದಕ್ಕೆ ನಮ್ಮೂರಲ್ಲಿ ಫ್ಯಾಕ್ಟರಿ ಇರುವ, ಗಾಳಿ ವಿದ್ಯುತ್ ಯಂತ್ರ ಮಾಡುವ ಸುಜ್ಲಾನ್ ಕಥೆ ಹೊಂದುತ್ತದೆ.

2006ರಲ್ಲಿ ಬೆಲ್ಜಿಯಂನ ಹ್ಯಾನ್ಸನ್, 2007ರಲ್ಲಿ ಜರ್ಮನಿಯ ರೀಪವರ್. ಎರಡೂ ಹೆಚ್ಚಾಗಿ ಸಾಲ ಮಾಡಿ ಕೊಂಡದ್ದು. 2008ರಲ್ಲಿ ಪ್ರಪಂಚದ ಗಾಳಿಯೇ ನಿಂತಿತು. 2012ರಲ್ಲಿ ವಿದೇಶಿ ಬಾಂಡಿನ 20.9 ಕೋಟಿ ಡಾಲರ್ ಕಟ್ಟಲಾಗಲಿಲ್ಲ. ಆಮೇಲೆ ಆಸ್ತಿ ಮಾರಿದರು, ಬ್ಯಾಂಕಿನವರು ಸಾಲ ಪುನರ್‌ರಚನೆ ಮಾಡಿದರು, ಹೊಸ ಷೇರು ಹೊರಡಿಸಿದರು, ಮತ್ತೆ ಹೊರಡಿಸಿದರು. 2022ರಲ್ಲಿ 5 ರೂ.ನಂತೆ 1,200 ಕೋಟಿಯ ರೈಟ್ಸ್. ಅದು ತೆರೆಯುವ ಕೆಲವೇ ದಿನ ಮುಂಚೆ ಕಂಪನಿ ಕಟ್ಟಿದ ತುಳಸಿ ತಾಂತಿ ಅವರು ತೀರಿಕೊಂಡರು. 2023ರಲ್ಲಿ ಇನ್ನೂ 2,000 ಕೋಟಿ ಎತ್ತಿದರು. ಕಂಪನಿ ಉಳಿಯಿತು, ಸಾಲ ತೀರಿತು, ಷೇರೂ ಮೇಲೆದ್ದಿತು. 5 ರೂ.ಗೆ ರೈಟ್ಸ್ ಹಾಕಿದವರು ಲಾಭ ಮಾಡಿದರು.

ಆದರೆ 2008ರಲ್ಲಿ ಕಂಪನಿಯ ಷೇರು ಸುಮಾರು 150 ಕೋಟಿ ಇದ್ದವು. 2023ಕ್ಕೆ 1,300 ಕೋಟಿ ದಾಟಿದವು. ಆಗ ಒಂದು ಹೋಳಿಗೆಯಲ್ಲಿ ನೂರನೇ ಒಂದು ತುಂಡು ಇದ್ದವನಿಗೆ ಈಗ ಸುಮಾರು ಒಂಬೈನೂರನೇ ಒಂದು ತುಂಡಿನಷ್ಟೇ. ಹೋಳಿಗೆ ಚೆನ್ನಾಗಿಯೇ ಇದೆ, ತುಂಡು ಸಣ್ಣದು. ಹಳಬರ ಕೊಂಡ ಬೆಲೆ ಇನ್ನೂ ದೂರದಲ್ಲೇ ಉಳಿದದ್ದು ಅದಕ್ಕೇ.

ಆಡಿಟ್ ಸೀಸನ್
ಭಾನುವಾರ, ರಾತ್ರಿ 9:48

ಚೆನ್ನಾಗಿ ಹೇಳಿದಿರಿ. ಸಾಲ ಜಾಸ್ತಿ ಆದರೆ ಷೇರಿನವನಿಗೆ ಬರುವ ಕಷ್ಟ ದಿವಾಳಿ ಒಂದೇ ಅಲ್ಲ. ಕಂಪನಿ ಬದುಕಿದರೂ, ತಪ್ಪಾದ ಹೊತ್ತಿನಲ್ಲಿ ಕಮ್ಮಿ ಬೆಲೆಗೆ ಹೊಸ ಷೇರು ಮಾರಬೇಕಾಗುತ್ತದೆ. ಬೆಲೆ 212 ಇದ್ದಾಗ 300 ಕೋಟಿ ಎತ್ತಿದ್ದರೆ ಒಂದೂವರೆ ಕೋಟಿ ಷೇರಿನಷ್ಟು ಸಾಕಿತ್ತು. 60ಕ್ಕೆ ಎತ್ತಲು 5 ಕೋಟಿ ಷೇರು ಬೇಕು.

ಮೇಡಂ, ದುಡ್ಡು ಹಾಕದಿದ್ದರೆ ಹಾಗೇ ಸುಮ್ನೆ ಬಿಡಬೇಡಿ. ಈಗ ರೈಟ್ಸ್ ಹಕ್ಕು ನಿಮ್ಮ ಡಿಮ್ಯಾಟ್‌ಗೇ ಬಂದಿರುತ್ತದೆ, ಅದನ್ನು ಎಕ್ಸ್‌ಚೇಂಜಿನಲ್ಲಿ ಮಾರಬಹುದು. ಲೆಕ್ಕ: 90ರ ಎರಡು, 60ರ ಒಂದು, ಒಟ್ಟು 240, ಮೂರರಿಂದ ಭಾಗಿಸಿದರೆ 80. 80ರ ಷೇರು 60ಕ್ಕೆ ಸಿಗುತ್ತದೆ, ಹಾಗಾಗಿ ಒಂದು ಹಕ್ಕಿಗೆ 20 ರೂ. ಆಸುಪಾಸು. ನಿಮ್ಮ 200 ಹಕ್ಕಿಗೆ 4,000. ಮಾರುವ ಕಿಟಕಿ ಇಶ್ಯೂ ಮುಗಿಯುವ ಮೊದಲೇ ಮುಚ್ಚುತ್ತದೆ. ತಾರೀಖು ನೋಡಿಕೊಳ್ಳಿ. ಮರೆತರೆ ಹಕ್ಕು ಬಿದ್ದು ಹೋಗುತ್ತದೆ.

ಹಾಸನದ ಟೀಚರ್
ಸೋಮವಾರ, ರಾತ್ರಿ 8:35

ಮ್ಯಾನೇಜರ್ ಸರ್ ಹೇಳಿದ ನೋಟ್ ಸಿಕ್ಕಿತು. 21ನೇ ನೋಟ್, ಅಕ್ಷರ ಇರುವೆ ಸಾಲಿನ ಹಾಗಿದೆ. ಒಂದು ವರ್ಷದೊಳಗೆ ಕಟ್ಟಬೇಕಾದದ್ದು 310 ಕೋಟಿ. ಕೈಯಲ್ಲಿ ನಗದು 40 ಕೋಟಿ. ರೈಟ್ಸ್ 300 ಕೋಟಿಗೆ. ಈಗ ಯಜಮಾನರ ಪ್ರಶ್ನೆಗೆ ಉತ್ತರ ಗೊತ್ತಾಯಿತು.

ಹಾಗಾದರೆ ರೈಟ್ಸ್ ದುಡ್ಡು ಬಂದರೆ ಕಂತು ಕಟ್ಟುತ್ತಾರೆ, ಕಂಪನಿ ದಾಟುತ್ತದೆ, ಅಲ್ವಾ? ಹಾಕುವುದೇ ಒಳ್ಳೆಯದು ಅನ್ನಿಸುತ್ತಿದೆ.

ನಿವೃತ್ತ ಮ್ಯಾನೇಜರ್
ಸೋಮವಾರ, ರಾತ್ರಿ 9:00

ಅವಸರ ಬೇಡಮ್ಮ. ಆಫರ್ ಪತ್ರದಲ್ಲಿ ಇನ್ನೊಂದು ಪುಟ ನೋಡಿ. ಪ್ರಮೋಟರ್ ತಮ್ಮ ಪಾಲಿನ ರೈಟ್ಸ್ ಪೂರ್ತಿ ತೆಗೆದುಕೊಳ್ಳುತ್ತಾರಾ? ತೆಗೆದುಕೊಂಡರೆ ದುಡ್ಡು ಹೇಗೆ ಕೊಡುತ್ತಾರೆ? "ಇಶ್ಯೂ ಉದ್ದೇಶ" ಎನ್ನುವ ಭಾಗದಲ್ಲಿ ಇರುತ್ತದೆ.

ಹಾಸನದ ಟೀಚರ್
ಸೋಮವಾರ, ರಾತ್ರಿ 10:25

ನೋಡಿದೆ ಸರ್. ಪ್ರಮೋಟರ್ ಪಾಲು 55%, ಪೂರ್ತಿ ತೆಗೆದುಕೊಳ್ಳುತ್ತಾರಂತೆ. 165 ಕೋಟಿ. ಆದರೆ ಅವರು ಕಂಪನಿಗೆ ಮುಂಚೆ ಕೊಟ್ಟಿದ್ದ ಕೈಸಾಲಕ್ಕೆ ಅದನ್ನು ವಜಾ ಮಾಡಿಕೊಳ್ಳುತ್ತಾರೆ ಅಂತ ಬರೆದಿದೆ. ಅಂದರೆ ಅವರಿಂದ ಹೊಸ ದುಡ್ಡು ಬರುವುದಿಲ್ಲ. ನಮ್ಮಂಥವರಿಂದ ಬರುವುದು 135 ಕೋಟಿ ಮಾತ್ರ.

135, ಮೇಲೆ 40. ಒಟ್ಟು 175. ಕಟ್ಟಬೇಕಾದ್ದು 310.

ನಿವೃತ್ತ ಮ್ಯಾನೇಜರ್
ಸೋಮವಾರ, ರಾತ್ರಿ 10:40

ಅವರ 165 ಕೋಟಿ ಸಾಲ ಪುಸ್ತಕದಿಂದ ಹೋಗುವುದು ನಿಜ, ಅದು ತಪ್ಪೂ ಅಲ್ಲ. ನಿಮ್ಮ ಡೆಟ್ ಈಕ್ವಿಟಿ 2ರಿಂದ ಚೆನ್ನಾಗಿ ಇಳಿಯುತ್ತದೆ, ಪೇಪರಿನಲ್ಲಿ ಒಳ್ಳೆಯ ಸುದ್ದಿ ಬರುತ್ತದೆ. ಕಂತಿಗೆ ಮಾತ್ರ ಇನ್ನೂ 135 ಕೋಟಿ ಬೇಕು. ವರ್ಷದ ವ್ಯವಹಾರದಲ್ಲಿ ಬಡ್ಡಿ, ತೆರಿಗೆ ಕಳೆದು ಅಷ್ಟು ಉಳಿಯುತ್ತದಾ, ಇಲ್ಲವೇ ಬ್ಯಾಂಕು ಅವಧಿ ಮುಂದಕ್ಕೆ ಹಾಕುತ್ತದಾ? ಸವಕಳಿ ಎಷ್ಟು ಬರೆದಿದ್ದಾರೆ ನೋಡಿ.

ಹಾಸನದ ಟೀಚರ್
ಮಂಗಳವಾರ, ಸಂಜೆ 6:15

ಸವಕಳಿ 70 ಕೋಟಿ. ಲಾಭ 48. ಸೇರಿಸಿದರೆ 118. ಈ ವರ್ಷದಂತೆಯೇ ಮುಂದಿನ ವರ್ಷವೂ ನಡೆದರೆ 17 ಕೋಟಿ ಕಮ್ಮಿ, ಅದೂ ಒಂದೇ ಒಂದು ಹೊಸ ಮಷೀನ್ ಕೊಳ್ಳದಿದ್ದರೆ.

200 ಹಕ್ಕನ್ನೂ ಇವತ್ತು ಊಟದ ಬಿಡುವಿನಲ್ಲಿ ಮಾರಿದೆ, 17.50ಕ್ಕೆ. 3,500 ರೂ. ಬಂತು. ಹಳೆಯ 400 ಷೇರು ಇನ್ನೂ ಇಟ್ಟುಕೊಂಡಿದ್ದೇನೆ. ಯಾಕೆ ಅಂತ ಕೇಳಬೇಡಿ.

ಮುಧೋಳದ ಕಬ್ಬು
ಮಂಗಳವಾರ, ಸಂಜೆ 7:05

ಟೀಚರಮ್ಮ, ಆ ಕಂಪನಿ ಟ್ರೇಡ್ ಪೇಯಬಲ್ ಪುಟ ನೋಡಿದ್ರೇನು? ಆ 17 ಕೋಟಿ ಅವರು ಎಲ್ಲಿಂದ ತರ್ತಾರ ಅಂತ ನನಗ ಗೊತ್ತದ.